ನೀಲವ್ವನ ಹಾಳಿ

ಇಳಕಲ್
ರವಿವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ಮಗ ನಾಗಲಿಂಗನಿಗೆ,

ನಿನ್ನ ಅವ್ವ ಗುರುಲಿಂಗವ್ವನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀಯಪ್ಪಾ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಈಗ ಕಡಿಮೆಯಾಯಿತೇ? ಹಡಗಿನ ಹೊಸ ಅಡುಗೆಯವ ಬೇಳೆಗೆ ಸಕ್ಕರೆ ಹಾಕುತ್ತಾನೆಂದು ಹೇಳಿದ್ದಿ. ನಾನು ಕಟ್ಟಿ ಕೊಟ್ಟ ಶೇಂಗಾ ಹಿಂಡಿ ಮುಗಿದಿರಬಹುದು. ಇದ್ದರೆ ಅದನ್ನೇ ಕಲೆಸಿಕೊಂಡು ಉಣ್ಣು, ಆದರೆ ಅವನ ಎದುರಿಗೆ ಮುಖ ಕಿವುಚಬೇಡ. ನಾನು ಚೆನ್ನಾಗಿದ್ದೇನೆ. ಮಾಳಿಗೆ ಹತ್ತುವಾಗ ಮಾತ್ರ ಮೊಣಕಾಲು ಎರಡು ಮಾತು ಆಡುತ್ತದೆ. ನಿನ್ನ ಹೆಂಡತಿ ಗಟ್ಟಿಯಾಗಿದ್ದಾಳೆ, ಸ್ವಲ್ಪ ಸೊರಗಿದ್ದಾಳೆ. ಅದು ಚಿಂತೆಯ ಸೊರಗಲ್ಲ, ಊಟದ ಹೊತ್ತಿಗೆ ಸರಿಯಾಗಿ ಯಾರಾದರೂ ಬಾಗಿಲು ಬಡಿಯುತ್ತಾರೆ, ಹಾಗಾಗಿ.

ಹಡಗು ಸಿಂಗಾಪುರಕ್ಕೆ ತಾಗಿದಾಗ ನೀನು ಕಳಿಸಿದ ಸಂದೇಶ ಓದಿದೆ. "ಅವ್ವಾ, ಯಾರೋ ಒಂದು ಫೋಟೊ ಕಳಿಸ್ಯಾರ. ಮದುವಿ ಹಂದರದಾಗ ಮದುಮಕ್ಕಳ ನಡುವ ನಮ್ಮ ನಿಲ್ಮಿಣಿ ನಿಂತಾಳ. ಏನಿದು?" ಎಂದು ಕೇಳಿದ್ದಿ. ನಿನ್ನ ಹೆಂಡತಿಯನ್ನೇ ಕೇಳಿದರೆ ನಿನಗೆ ಸಿಗುವ ಉತ್ತರ ನನಗೆ ಗೊತ್ತು. ನೀನು ಯಾವಾಗ ಫೋನು ಮಾಡಿದರೂ "ಎಲ್ಲಾ ಚಂದ ಐತಿ" ಎಂದಷ್ಟೇ ಹೇಳಿ, ನೀನು ಉಂಡೆಯೋ ಇಲ್ಲವೋ ಎಂದು ಕೇಳಲು ಹತ್ತುತ್ತಾಳೆ. ಹೆಂಡತಿ ಇಲ್ಲಿ ಏನು ಕಟ್ಟಿದಳು ಎಂಬುದರಲ್ಲಿ ನಿನಗೆ ಗೊತ್ತಿರುವುದು ಅರ್ಧ, ಅದೂ ರಜೆಯ ಮೂರು ತಿಂಗಳಲ್ಲಿ ನಿದ್ದೆಗಣ್ಣಿನಲ್ಲಿ ಕಂಡದ್ದು. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಮೊಬೈಲಿನ ಸಣ್ಣ ಅಕ್ಷರ ಒತ್ತುವುದು ಕರಿಹಲಗೆಯ ಮೇಲೆ ಬರೆದು ರೂಢಿಯಾದ ಈ ಕೈಗೆ ಆಗದ ಮಾತು. ಮುಂಬೈಯ ನಿಮ್ಮ ಕಂಪನಿಯ ವಿಳಾಸಕ್ಕೆ ಹಾಕುತ್ತೇನೆ. ಹಡಗು ಹತ್ತಲು ಬರುವ ಹೊಸಬರ ಕೈಯಲ್ಲಿ ಕಳಿಸುತ್ತಾರಲ್ಲ.

ಏಳು ವರ್ಷದ ಹಿಂದೆ, ಹಡಗು ರಿಪೇರಿಗೆಂದು ಕೊಲಂಬೊದಲ್ಲಿ ತಿಂಗಳುಗಟ್ಟಲೆ ನಿಂತಿದೆ ಎಂದು ಹೇಳುತ್ತಿದ್ದವನು, ಮರುವರ್ಷ ಶ್ರೀಲಂಕೆಯ ಹುಡುಗಿಯನ್ನು ಮದುವೆಯಾಗಿ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಇಳಿಸಿದಿ. ಬರುವಾಗ ಏನಾದರೂ ಸಾಮಾನು ತರುತ್ತೀ ಎಂದುಕೊಂಡಿದ್ದೆ, ಸೊಸೆಯನ್ನೇ ತಂದಿ. ಅವಳಿಗೆ ಕನ್ನಡ ಬಾರದು, ನನಗೆ ಸಿಂಹಳ ಬಾರದು. ನೀನು ಮತ್ತೆ ಹಡಗು ಹತ್ತಿದ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು, ಏಕೆಂದರೆ ಬೇರೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಮೊದಲನೇ ದಿನವೇ ನನ್ನನ್ನು "ಅಮ್ಮಾ" ಎಂದಳು. ಅವರ ಭಾಷೆಯಲ್ಲಿಯೂ ಅದೇ ಶಬ್ದವಂತೆ. ಆ ಒಂದು ಶಬ್ದದ ಮೇಲೆ ಒಂದು ತಿಂಗಳು ಸಂಸಾರ ಮಾಡಿದೆವು. ಕಾಯಿತುರಿ, ಒಣಮೆಣಸಿನಕಾಯಿ, ಉಳ್ಳಾಗಡ್ಡಿ ಒಳಕಲ್ಲಿಗೆ ಹಾಕಿ ಅರೆದು, ನಮ್ಮ ಖಡಕ್ ರೊಟ್ಟಿಗೆ ಹಚ್ಚಿ ಕೊಟ್ಟ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ಅಂದಿನಿಂದ ಸಂಸಾರ ಸಲೀಸಾಯಿತು. ಪಕ್ಕದ ಮನೆಯ ಹಜರತಬಿಗೆ ನಿಲ್ಮಿಣಿ ಎಂದು ನಾಲಿಗೆ ಹೊರಳಲಿಲ್ಲ. "ನಮಗ ನೀಲವ್ವ ಸಾಕು ಬಿಡ್ರಿ" ಎಂದಳು. ಓಣಿಗೆಲ್ಲ ಅದೇ ಹೆಸರಾಯಿತು.

ಮರುವರ್ಷ ಕೊರೊನಾ ಬೇನೆ ಬಂದು ಊರೆಲ್ಲ ಬಾಗಿಲು ಹಾಕಿತು. ನೀನು ಇಳಿಯಲು ಯಾವ ಬಂದರೂ ಬಿಡದೆ ಹಡಗಿನಲ್ಲೇ ಸಿಕ್ಕಿಕೊಂಡಿ. ಆ ದಿನಗಳಲ್ಲಿ ಅವಳು ಅಳುವುದನ್ನು ನಾನು ನೋಡಲಿಲ್ಲ, ಆದರೆ ಹಿತ್ತಲಿನ ಬಾಗಿಲಲ್ಲಿ ನಿಂತು ಸುಮ್ಮನೆ ಬಯಲು ನೋಡುತ್ತಿದ್ದಳು. ಕೈಗೆ ಕೆಲಸವಿಲ್ಲದಿದ್ದರೆ ಈ ಹುಡುಗಿ ಒಣಗಿ ಹೋಗುತ್ತಾಳೆ ಎಂದು ನನಗೆ ಅನಿಸಿತು. ಕೊಲಂಬೊದ ಬಟ್ಟೆ ಕಾರ್ಖಾನೆಯಲ್ಲಿ ಅವಳ ಕೆಲಸ ಏನೆಂದು ನೀನು ಹೇಳಿದ್ದಿ, ಆದರೆ ನನಗೆ ಸರಿಯಾಗಿ ತಿಳಿದಿರಲಿಲ್ಲ. ಅವಳು ಅಲ್ಲಿ ಮಷಿನ್ ತುಳಿಯುತ್ತಿರಲಿಲ್ಲ. ಅಂಗಿಯ ತೋಳು, ಬೆನ್ನು, ಕೊರಳು ಯಾವ ಆಕಾರದಲ್ಲಿ ಇರಬೇಕೆಂದು ಕಾಗದದ ಮೇಲೆ ಬರೆದು ಕತ್ತರಿಸಿ ಕೊಡುತ್ತಿದ್ದಳು. ಆ ಕಾಗದವನ್ನು ಬಟ್ಟೆಯ ಮೇಲೆ ಇಟ್ಟು ಮಿಕ್ಕವರು ಕತ್ತರಿ ಓಡಿಸುತ್ತಿದ್ದರು. ಒಂದು ಮುಂಜಾನೆ ಹಳೆಯ ಪೇಪರನ್ನು ಪಡಸಾಲೆಯಲ್ಲಿ ಹಾಸಿ, ನನ್ನನ್ನು ನಿಲ್ಲಿಸಿ ಟೇಪು ಹಿಡಿದಳು. ಕುತ್ತಿಗೆಯಿಂದ ಟೊಂಕದವರೆಗೆ ಹಿಡಿದು, ಏನೋ ಯೋಚಿಸಿ, ನನ್ನ ಬೆನ್ನನ್ನು ಒಮ್ಮೆ ಮೆಲ್ಲಗೆ ಸವರಿದಳು. ಆ ಅಳತೆಯಲ್ಲಿ ಹೊಲಿದ ಕುಪ್ಪಸ ಹಾಕಿಕೊಂಡಾಗ, ಹಿಂದಿನ ಅಂಚು ಮೇಲೇರದೆ ನೆಟ್ಟಗೆ ಕೂತಿತು. ನನ್ನ ಬೆನ್ನು ಬಾಗಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅವಳೂ ಹೇಳಲಿಲ್ಲ. ಹೊಲಿದು ಕೊಟ್ಟಳು ಅಷ್ಟೇ.

ಅದನ್ನು ನೋಡಿ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದರು. ಎಷ್ಟೋ ಮನೆಯಲ್ಲಿ ಹೊಲಿಗೆ ಮಷಿನ್ ಇದೆ, ದಿಂಬಿನ ಚೀಲ, ಲಂಗ ಹೊಲಿದು ಮೂಲೆಗೆ ಸರಿಸಿಟ್ಟದ್ದು. "ಹೊಲಿಯಾಕ ಬರತೈತ್ರಿ. ಖಣದ ಮ್ಯಾಲ ಕತ್ತರಿ ಹಾಕಾಕ ಕೈ ನಡಗತಾವ" ಎಂದು ಎಲ್ಲರದೂ ಒಂದೇ ಮಾತು. ಖರೆಯೇ. ಇಳಕಲ್ ಸೀರೆಗೆ ಹೊಂದುವ ಕುಪ್ಪಸಕ್ಕೆಂದು ಗುಳೇದಗುಡ್ಡದ ಖಣ ತಂದು, ಅದನ್ನು ಕೈಯಾರೆ ಕೆಡಿಸಿಕೊಂಡರೆ ಹೊಟ್ಟೆ ಉರಿಯುವುದಿಲ್ಲವೇ? ಅದರಲ್ಲೂ ಖಣದ ಪನ್ನಾ, ಅಂದರೆ ಅಗಲ, ಸಣ್ಣದು, ಎರಡೂ ಬದಿಗೆ ಅಂಚು, ಒಂದು ಬೆರಳು ಆಚೀಚೆಯಾದರೂ ತೋಳಿಗೆ ಅಂಚು ಸಿಗುವುದಿಲ್ಲ. ನೀಲವ್ವ ಆ ಸಣ್ಣ ಪನ್ನಾಕ್ಕೆ ಹೊಂದುವಂತೆ ಹಾಳಿ ಕತ್ತರಿಸಿದಳು. ನಾವು ಕಾಗದಕ್ಕೆ ಹಾಳಿ ಎನ್ನುತ್ತೇವಲ್ಲ, ಅದು "ನೀಲವ್ವನ ಹಾಳಿ" ಆಯಿತು. ಖಣದ ಮೇಲೆ ಹಾಳಿ ಇಟ್ಟು, ಟಾಚಣಿ ಚುಚ್ಚಿ, ಗೆರೆಗುಂಟ ಕತ್ತರಿಸಿದರೆ ಆಯಿತು. ಯಾವ ತುಂಡನ್ನು ಯಾವುದಕ್ಕೆ ಕೂಡಿಸಬೇಕೆಂದು ಓದು ಬಾರದವರಿಗೂ ತಿಳಿಯಲೆಂದು ಹೂವಿಗೆ ಹೂವು, ಎಲೆಗೆ ಎಲೆ, ಹಕ್ಕಿಗೆ ಹಕ್ಕಿ ಬಿಡಿಸಿದಳು. ಓದು ಬರುವವರಿಗೆ ಅಕ್ಷರ ಬರೆದು ಕೊಟ್ಟವಳು ನಾನು. ನಿವೃತ್ತಿಯಾದ ಮೇಲೆ ನನ್ನ ಕೈಬರಹ ಮತ್ತೆ ಮನೆ ಮನೆಗೆ ಹೋಯಿತೆಂದು ಎಷ್ಟು ಹಿಗ್ಗಿದೆನೆಂದರೆ, "ತೋಳು" ಎಂಬ ಪದವನ್ನು ಐದು ಬಗೆಯಲ್ಲಿ ಬರೆದು ಚಂದ ಯಾವುದೆಂದು ಅವಳನ್ನೇ ಕೇಳಿದ್ದೆ, ಕನ್ನಡ ಓದಲು ಬಾರದವಳನ್ನು!

ಹಜರತಬಿಯ ಗಂಡ ಇಮಾಮಸಾಬರು ಬಾಗಿಲಲ್ಲಿ ನಿಂತು, "ಏನ್ರಿ ಅಕ್ಕೋರ, ನಿಮ್ಮ ಸೊಸಿ ನನ್ನ ಟೇಲರ್ ಅಂಗಡಿ ಬಾಗಲಾ ಹಾಕಸ್ತಾಳ ನೋಡ್ರಿ" ಎಂದು ನಗುತ್ತಿದ್ದರು. ನಗುತ್ತಲೇ ಒಳಗೆ ಬಂದು, ಖಣವನ್ನು ಹೇಗೆ ಮಡಚಿದರೆ ಅಂಚು ಎರಡೂ ತೋಳಿಗೆ ಸರಿಸಮ ಬರುತ್ತದೆಂದು ತೋರಿಸಿ ಹೋದರು. ಅವರು ಹಾಗೆ ಒಳಗೆ ಬರುವ ಮನುಷ್ಯ ಆಗಿರದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮುಂದಿನದು ಎಂದರೆ ಒಂದು ದೊಡ್ಡ ಫಜೀತಿ. ಬೇನೆ ಕಳೆದು ಪೇಟೆ ತೆರೆದ ಮೇಲೆ ಹಾಳಿಗೆ ಬೇಡಿಕೆ ಹೆಚ್ಚಿತು. ಕೈಯಿಂದ ಬರೆದು ಮುಗಿಯದಾಯಿತು. ಬಾಗಲಕೋಟೆಯ ಒಂದು ಅಂಗಡಿಯಲ್ಲಿ ದೊಡ್ಡ ಹಾಳೆಯ ಝೆರಾಕ್ಸ್ ಮಾಡಿಸಿ ತಂದೆವು. ದೀಪಾವಳಿಯ ಮುಂಚೆ ಓಣಿಯಲ್ಲಿ, ಹುನಗುಂದದಲ್ಲಿ, ಕೆರೂರಿನ ಸಂತೆಯಲ್ಲಿ ಕೊಟ್ಟೆವು. ಹಬ್ಬ ನಾಲ್ಕು ದಿನ ಇರುವಾಗ ಹೆಂಗಸರು ಬಂದರು ನೋಡು, ಕೈಯಲ್ಲಿ ಹೊಸ ಖಣದ ಕುಪ್ಪಸ, ಒಂದೂ ಮೈಗೆ ಏರುತ್ತಿಲ್ಲ. ಒಬ್ಬಾಕೆ ಕುಪ್ಪಸವನ್ನು ಕಟ್ಟೆಯ ಮೇಲೆ ಎಸೆದು, "ಇದನ್ನ ಗೊಂಬಿಗೆ ತೊಡಸವ್ವಾ, ನಮಗ ಬ್ಯಾಡ" ಎಂದಳು. "ಬ್ಯಾರೆ ದೇಶದಾಕಿಗೆ ನಮ್ಮ ಮೈ ಅಳತಿ ಏನ ಗೊತ್ತು" ಎಂದು ಹಿಂದಿನಿಂದ ಯಾರೋ ಅಂದರು. ನೀಲವ್ವನಿಗೆ ಆ ಹೊತ್ತಿಗೆ ಕನ್ನಡ ತಿಳಿಯುತ್ತಿತ್ತು. ತಿಳಿಯದಿದ್ದರೆ ಒಳ್ಳೆಯದಿತ್ತು. ಅವಳು ಒಳಗೆ ಹೋಗಿ ತನ್ನ ಮೂಲ ಹಾಳಿಯನ್ನು ಹಾಸಿ, ಮೇಲೆ ಝೆರಾಕ್ಸನ್ನು ಇಟ್ಟಳು. ಯಂತ್ರ ಎಲ್ಲವನ್ನೂ ಒಂದಿಷ್ಟು ಕುಗ್ಗಿಸಿ ಅಚ್ಚು ಹಾಕಿತ್ತು. ಕಣ್ಣಿಗೆ ಕಾಣದಷ್ಟು, ಆದರೆ ತೋಳು ಕಚ್ಚುವಷ್ಟು.

ತಪ್ಪು ಯಂತ್ರದ್ದೆಂದು ತಿಳಿದ ಮೇಲೆ ನನಗೆ ಸಮಾಧಾನವಾಯಿತು. ಅವಳಿಗೆ ಆಗಲಿಲ್ಲ. "ಅಮ್ಮಾ, ಬಟ್ಟಿ ಹೋತು. ಅವರ ಬಟ್ಟಿ ಹೋತು" ಎಂದು ಅದನ್ನೇ ಹೇಳುತ್ತಿದ್ದಳು. ಆಗ ಇಮಾಮಸಾಬರು ಆ ಎಸೆದ ಕುಪ್ಪಸವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, "ನಮ್ಮ ಅಪ್ಪನ ಕಾಲಕ್ಕ ಗಂಡಸರ ಅಂಗಿಗೆ ಬಗಲಾಗ ಒಂದು ಚೌಕ ತುಂಡು ಕೂಡಸ್ತಿದ್ರು, ಹೊಲದಾಗ ಕೈ ಎತ್ತಿದ್ರ ಹರೀಬಾರದಂತ. ಇದಕ್ಕೂ ಕೂಡಸಿ ನೋಡೋಣೇನವಾ?" ಎಂದರು. ಅವಳು ತಲೆಯೆತ್ತಿದಳು. ಉಳಿದ ಚೂರುಗಳನ್ನು ಹುಡುಕಿ, ಚೌಕವನ್ನು ಎಲೆಯ ಆಕಾರಕ್ಕೆ ತಂದು, ಬಗಲಿನ ಹೊಲಿಗೆ ಬಿಚ್ಚಿ ಅಲ್ಲಿ ಕೂಡಿಸಿದಳು. ಮರುದಿನದಿಂದ ನಾವು ಮೂವರೂ ಮನೆಮನೆಗೆ ಹೋದೆವು. ಹುನಗುಂದಕ್ಕೂ ಹೋದೆವು, ಕೆರೂರಿಗೂ ಹೋದೆವು. ಬಾಗಿಲಲ್ಲಿ ನಿಂತು ಅವಳು ಮೊದಲು ಕೈಮುಗಿದು, "ನನ್ನ ಹಾಳಿ ತಪ್ಪಾತು. ನಾ ಸರಿ ಮಾಡ್ತೇನಿ" ಎನ್ನುತ್ತಿದ್ದಳು. ಆ ಮಾತಿಗೆ ಯಾರು ಬಾಗಿಲು ಹಾಕುತ್ತಾರೆ? ಹಬ್ಬದ ದಿನ ಎಲ್ಲರ ಮೈಮೇಲೂ ಆ ಕುಪ್ಪಸ ಇತ್ತು. ಕಟ್ಟೆಯ ಮೇಲೆ ಎಸೆದವಳೇ ಬಂದು, "ನೀಲವ್ವಾ, ಹಿಂದಿನ ಕುಬಸದಾಗ ರೊಟ್ಟಿ ಬಡಿಯುವಾಗ ಬಗಲು ಹಿಡೀತಿತ್ತು, ಇದರಾಗ ಹಿಡಿಯೂದಿಲ್ಲ. ಇನ್ನ ಮ್ಯಾಲ ಎಲ್ಲಾ ಹಿಂಗ ಇರಲಿ" ಎಂದಳು. ಈಗ ಬಗಲಿನ ಆ ಎಲೆ ಎಲ್ಲ ಹಾಳಿಯಲ್ಲೂ ಇದೆ. ಯಂತ್ರ ಮತ್ತೆ ಮೋಸ ಮಾಡಬಾರದೆಂದು ಹಾಳಿಯ ಮೂಲೆಯಲ್ಲಿ ಕಡ್ಡಿಪೆಟ್ಟಿಗೆಯ ಅಳತೆಯ ಒಂದು ಚೌಕಟ್ಟನ್ನೂ ಬರೆದಿದ್ದಾಳೆ. ಅದರ ಮೇಲೆ ಕಡ್ಡಿಪೆಟ್ಟಿಗೆ ಇಡಬೇಕು, ಸರಿಯಾಗಿ ಕೂತರೆ ಕತ್ತರಿಸಬೇಕು, ಕೂರದಿದ್ದರೆ ಹಾಳಿಯನ್ನು ಹಿಂದೆ ಕಳಿಸಬೇಕು. ಕಡ್ಡಿಪೆಟ್ಟಿಗೆ ಯಾರ ಮನೆಯಲ್ಲಿ ಇಲ್ಲ ಹೇಳು.

ಇನ್ನು ನಿನ್ನ ಫೋಟೊದ ವಿಷಯ. ಶಿರೂರಿನ ಮಹಿಳಾ ಸಂಘದ ಶಾರವ್ವ ಎಂಬಾಕೆ ಸಂಕ್ರಾಂತಿ ಕಳೆದ ಮೇಲೆ ಮನೆಗೆ ಬಂದಳು. ದೊಡ್ಡ ದನಿಯ, ದೊಡ್ಡ ಮನಸ್ಸಿನ ಹೆಂಗಸು. ಊರಲ್ಲಿ ಸಾಮೂಹಿಕ ವಿವಾಹ, ಹನ್ನೊಂದು ಜೋಡಿ, ಸೀರೆ ಖಣ ಎಲ್ಲ ಬಂದಿದೆ, ಲಗ್ನದ ಸುಗ್ಗಿಯಲ್ಲಿ ಟೇಲರುಗಳು ಕೈಯೆತ್ತಿದ್ದಾರೆ, ನೀಲವ್ವ ಹೊಲಿದು ಕೊಡಬೇಕು ಎಂದಳು. ನೀಲವ್ವ ತಲೆ ಅಲ್ಲಾಡಿಸಿ, "ನಾ ಹೊಲಿಯೂದಿಲ್ರಿ. ಹಾಳಿ ಕೊಡ್ತೇನಿ. ಮದುಮಕ್ಕಳು ಹೊಲೀತಾರ" ಎಂದಳು. ಶಾರವ್ವನ ದನಿ ಬೀದಿಗೆ ಕೇಳಿಸಿತು. "ಅರಿಷಿಣ ಹಚ್ಚೋ ಹುಡುಗ್ಯಾರ ಕೈಗೆ ಕತ್ತರಿ ಕೊಡ್ತಿಯೇನವಾ? ಕೆಟ್ಟರ ಹಂದರದಾಗ ಏನ ಉಡಸೋಣು?" ಸುಮ್ಮನೆ ಒಪ್ಪಿಕೊಂಡು ಹೊಲಿದು ಕೊಡಬಾರದೇ ಎಂದು ನನಗೂ ಒಳಗೆ ಅನಿಸಿತು. ಕೆಟ್ಟರೆ ಅವಳ ಹೆಸರಿನ ಜೊತೆ ಹನ್ನೊಂದು ಹುಡುಗಿಯರ ಒಂದು ದಿನವೂ ಕೆಡುತ್ತದೆ. ಆದರೆ ಅವಳು ಶಾರವ್ವನ ಕೈಹಿಡಿದು ತಿರುಗಿ ಅದನ್ನೇ ಮೆತ್ತಗೆ ಹೇಳಿದಳು. ಶಾರವ್ವ ನನ್ನ ಮುಖ ನೋಡಿದಳು. ನಾನು, "ಆಕಿ ಮಾತಿಗೆ ನಾ ಜವಾಬ್ದಾರಿ" ಎಂದೆ. ಹೇಗೆ ಅಂದೆನೋ, ಬಾಯಿಂದ ಬಂತು.

ಎರಡು ವಾರ ದಿನಾ ಮಧ್ಯಾಹ್ನ ಶಿರೂರಿನ ಸಂಘದ ಕೋಣೆಗೆ ಹೋದೆವು. ಮೊದಲ ದಿನ ಹುಡುಗಿಯರು ಕತ್ತರಿ ಮುಟ್ಟಲಿಲ್ಲ, ಬರೀ ನಕ್ಕರು. ಹಳೆಯ ಸೀರೆಯ ಮೇಲೆ ಕೈ ಪಳಗಿಸಿದ ಮೇಲೆ ಧೈರ್ಯ ಬಂತು. ಮೊದಲ ಸಲ ಖಣದ ಮೇಲೆ ಕತ್ತರಿ ಓಡಿ ತುಂಡು ಸರಿಯಾಗಿ ಬಿದ್ದಾಗ ಶಾರವ್ವನೇ ಸಿಳ್ಳೆ ಹಾಕಿದಳು! ಆದರೆ ಬಸವೇಶ್ವರಿ ಎಂಬ ಹುಡುಗಿ ಗೋಡೆಗೆ ಆತು ಕೂತಿರುತ್ತಿದ್ದಳು, ಸೆರಗನ್ನು ಎರಡೂ ಭುಜಕ್ಕೆ ಸುತ್ತಿ. ಚಿಕ್ಕಂದಿನಲ್ಲಿ ಮಾಳಿಗೆಯಿಂದ ಬಿದ್ದು ಅವಳ ಎಡಭುಜ ಇಳಿದು ಹೋಗಿದೆ. "ನಂದು ಬಿಡ್ರಿ. ಯಾವ ಟೇಲರ್ ಹೊಲದ್ರೂ ಒಂದು ಕಡಿ ಜಾರತೈತಿ. ನನ್ನ ಮೈನ ಸೊಟ್ಟ ಐತಿ" ಎಂದಳು. ನೀಲವ್ವ ಅವಳನ್ನು ಒಳಕೋಣೆಗೆ ಕರೆದೊಯ್ದಳು, ನಾನೂ ಹೋದೆ. ಸೆರಗು ತೆಗೆಸಿ, ಬಲಗಡೆಯನ್ನು ಬೇರೆ, ಎಡಗಡೆಯನ್ನು ಬೇರೆ ಅಳೆದಳು. ಎಲ್ಲರಿಗೂ ಅರ್ಧ ಮೈಯ ಹಾಳಿ ಇರುತ್ತದೆ, ಬಟ್ಟೆ ಮಡಚಿ ಕತ್ತರಿಸಿದರೆ ಎರಡೂ ಕಡೆ ಒಂದೇ ಆಗುತ್ತದೆ. ಬಸವೇಶ್ವರಿಗೆ ಎರಡು ಬೇರೆ ಬೇರೆ ಹಾಳಿ ಬರೆದಳು, ಒಂದಕ್ಕೆ ಹೂವು, ಇನ್ನೊಂದಕ್ಕೆ ಹಕ್ಕಿ. ಬರೆಯುತ್ತಾ, ತಲೆಯೆತ್ತದೆ, "ಮೈ ತಪ್ಪಲ್ಲ. ಹಾಳಿ ತಪ್ಪು ಇತ್ತು" ಎಂದಳು.

ಆ ಹುಡುಗಿ ತಾನೇ ಕತ್ತರಿಸಿದಳು, ತಾನೇ ಹೊಲಿದಳು. ತೊಟ್ಟುಕೊಂಡು ಶಾರವ್ವನ ಮನೆಯ ಕಪಾಟಿನ ಕನ್ನಡಿಯ ಮುಂದೆ ನಿಂತಳು. ಎಡಗೈಯನ್ನು ಮೇಲೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕುಪ್ಪಸ ಇದ್ದಲ್ಲೇ ಇತ್ತು. ಅವಳ ತಾಯಿ ಹಿಂದಿನಿಂದ ಭುಜದ ಮೇಲೆ ಕೈಯಿಟ್ಟು ನಿಂತಳು, ಮಗಳು ಆ ಕೈಯನ್ನು ಸರಿಸಲಿಲ್ಲ. ಹೋದ ಗುರುವಾರ ಹಂದರದಲ್ಲಿ ಬಸವೇಶ್ವರಿ ಸೆರಗನ್ನು ಎಲ್ಲರಂತೆ ಒಂದೇ ಭುಜಕ್ಕೆ ಹಾಕಿ ಕೂತಿದ್ದಳು. ಅವಳ ಅತ್ತೆಯಾಗುವಾಕೆ ಕುಪ್ಪಸದ ಅಂಚು ಮುಟ್ಟಿ, "ಭಾಳ ಛಲೋ ಹೊಲದಾರವಾ, ಯಾವ ಟೇಲರು?" ಎಂದು ಕೇಳಿದಳು. ಮದುಮಗಳು ಮಾತಾಡಬಾರದ ಹೊತ್ತು ಅದು. ಆದರೂ ಅವಳು ಹಂದರಕ್ಕೆಲ್ಲ ಕೇಳುವ ಹಾಗೆ, "ನಾನರಿ! ನಾನ ಕತ್ತರಿಸೇನಿ, ನಾನ ಹೊಲದೇನಿ" ಎಂದಳು. ಉಳಿದ ಹತ್ತೂ ಹುಡುಗಿಯರು, "ನಾವೂ, ನಾವೂ" ಎಂದು ಕೂಗಿ, ಬಾಸಿಂಗ ಅಲ್ಲಾಡುವಷ್ಟು ನಕ್ಕು, ನೀಲವ್ವನನ್ನು ಎಳೆದು ನಡುವೆ ನಿಲ್ಲಿಸಿಕೊಂಡರು. ಆಗ ತೆಗೆದದ್ದು ನೀನು ನೋಡಿದ ಫೋಟೊ. ಅದರಲ್ಲಿ ನಾನಿಲ್ಲ. ನಾನು ಕಂಬದ ಹಿಂದೆ ಮೂಗು ಒರೆಸಿಕೊಳ್ಳುತ್ತಿದ್ದೆ.

ಈಗ ಮೂರು ದಿನದಿಂದ ಫೋನು ನಿಂತಿಲ್ಲ. ಬಾದಾಮಿಯಿಂದ ಒಬ್ಬಾಕೆ, ಎದೆಯ ಆಪರೇಶನ್ ಆದ ಮೇಲೆ ಕುಪ್ಪಸ ತೊಡುವುದನ್ನೇ ಬಿಟ್ಟು ಗಂಡನ ಅಂಗಿ ತೊಡುತ್ತಿದ್ದೇನೆ, ನನಗೂ ಹಾಳಿ ಆಗುತ್ತದೆಯೇ ಎಂದು ಕೇಳಿದಳು. ನೀಲವ್ವ ನಾಳೆ ಅವಳಲ್ಲಿಗೆ ಹೊರಟಿದ್ದಾಳೆ. ಗೂನು ಬೆನ್ನಿನ ಅಜ್ಜಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ, ಬಗಲಿಗೆ ಊರುಗೋಲು ಹಾಕುವವರಿಗೆ, ಒಬ್ಬೊಬ್ಬರಿಗೂ ಬೇರೆ ಹಾಳಿ ಬರೆಯುತ್ತೇನೆ ಎನ್ನುತ್ತಾಳೆ. ನಿನ್ನ ಕೋಣೆಯಲ್ಲಿ ಈಗ ಹಗ್ಗ ಕಟ್ಟಿ ಹಾಳಿ ತೂಗುಬಿಟ್ಟಿದ್ದಾಳೆ. ಗಾಳಿ ಬಂದರೆ ಇಡೀ ಕೋಣೆ ಸರಸರ ಎನ್ನುತ್ತದೆ. ನೀನು ಬಂದಾಗ ಬಗ್ಗಿ ನಡೆಯಬೇಕು, ಈಗಲೇ ಹೇಳಿದ್ದೇನೆ. ಇಮಾಮಸಾಬರ ಅಂಗಡಿಗೂ ಬಾಗಿಲು ಬಿದ್ದಿಲ್ಲ. ಅಲ್ಲಿ ಈಗ ಮುಂಜಾನೆ ಹೊತ್ತು ಕತ್ತರಿ ಸಾಣೆ ಹಿಡಿಸಲು, ಗುಂಡಿಗೆ ಕಾಜು ಹಾಕಿಸಲು ಹೆಂಗಸರ ಸಾಲು. "ಹೊಲಿಯೋರು ಹೆಚ್ಚಾದ್ರ ದಾರಾನೂ ಹೆಚ್ಚ ಬೇಕಲ್ರಿ ಅಕ್ಕೋರ" ಎಂದು ದಾರದ ಉಂಡೆಗಳನ್ನು ಬಣ್ಣಬಣ್ಣವಾಗಿ ತೂಗುಹಾಕಿದ್ದಾರೆ.

ಹೊಟ್ಟೆ ತುಂಬ ಉಣ್ಣು, ಹೊತ್ತಿಗೆ ಮಲಗು, ಎಂಜಿನ್ನಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಇಮಾಮಸಾಬರೂ ಹಜರತಬಿಯೂ ನಿನ್ನನ್ನು ಕೇಳಿದ್ದಾರೆ. ಬಸವಣ್ಣ ನಿನ್ನನ್ನೂ ನಿನ್ನ ಜೊತೆಯವರನ್ನೂ ತಂಪಾಗಿ ಇಟ್ಟಿರಲಿ.

ಇಂತಿ,
ನಿನ್ನ ಹಾದಿ ನೋಡುವ ಅವ್ವ
ಗುರುಲಿಂಗವ್ವ

ತಾ.ಕ. ನೀಲವ್ವ ಬಾವಿಗೆ ಹೋಗಿದ್ದಾಳೆ, ಬರುವುದರೊಳಗೆ ಅವಸರದಲ್ಲಿ ಇದನ್ನು ಬರೆಯುತ್ತಿದ್ದೇನೆ. ಶ್ರೀಲಂಕೆಯ ಗಾಲೆಯಲ್ಲಿರುವ ಅವಳ ತಾಯಿ, ತಮ್ಮ ಊರಿನ ಹೆಂಗಸರಿಗೂ ಹಾಳಿ ಕಲಿಸು ಬಾ ಎಂದು ಎರಡು ವರ್ಷದಿಂದ ಕರೆಯುತ್ತಿದ್ದಾರೆ. "ಅಮ್ಮ ಒಬ್ಬಾಕಿ ಆಗ್ತಾರ" ಎಂದು ಇವಳು ಹೋಗುತ್ತಿಲ್ಲ. ಹೀಗೆ ಬಿಟ್ಟರೆ ಅವಳು ತವರು ನೋಡುವುದು ಎಂದು? ಅದಕ್ಕೇ ಬ್ಯಾಂಕಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಇಮಾಮಸಾಬರನ್ನು ಜೊತೆಗೆ ಕರೆದುಕೊಂಡು ನನ್ನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೆ. ಪೊಲೀಸರು ವಿಚಾರಿಸಲು ಬಂದ ದಿನ ಪುಣ್ಯಕ್ಕೆ ಅವಳು ಮುಂಜಾನೆಯೇ ಶಿರೂರಿಗೆ ಹೋಗಿದ್ದಳು, ನಾನಿನ್ನೂ ಮನೆಯಲ್ಲಿದ್ದೆ. ನಿನ್ನೆ ಟಪಾಲಿನಲ್ಲಿ ಬಂತು. ಫೋಟೊದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ, ಇರಲಿ. ಈ ಲಕೋಟೆ ಅಂಟಿಸಿದ ಕೂಡಲೇ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಡುತ್ತೇನೆ. ಏಪ್ರಿಲ್‌ನಲ್ಲಿ ಅವರ ಹೊಸ ವರ್ಷದ ಹಬ್ಬಕ್ಕೆ ಅತ್ತೆ ಸೊಸೆ ಇಬ್ಬರೂ ಅಲ್ಲಿರುತ್ತೇವೆ. ಹಡಗಿನಿಂದ ಇಳಿದವನು ಇಳಕಲ್ಲಿಗೆ ಬರಬೇಡ, ಮನೆಗೆ ಬೀಗ ಇರುತ್ತದೆ. ನೆಟ್ಟಗೆ ಗಾಲೆಗೆ ಬಾ. ಮಗ ಹಡಗಿನವನು, ಅವ್ವ ಇನ್ನೂ ಸಮುದ್ರ ಕಂಡಿಲ್ಲ ಎಂದು ಹಜರತಬಿ ಎಷ್ಟು ವರ್ಷದಿಂದ ನಗುತ್ತಿದ್ದಾಳೆ. ನೀನು ಬಂದಾಗ ನಾನು ದಂಡೆಯ ಮೇಲೆ ಕೂತಿರುತ್ತೇನೆ.